ಕಲ್ಲಜ್ಜನಿಗೆ ತೋರಿಸಿದ ಗಿಣ್ಣು

ಹೆದ್ದಾರಿಯನ್ನು ನಾವೆಲ್ಲ ಬರೀ ರೋಡು ಎಂದು ಕರೆಯುತ್ತಿದ್ದ ಕಾಲ ಅದು. ಐಮಂಗಲದ ಹತ್ತಿರ ನಮ್ಮೂರು. ಮನೆ ದಾಟಿದರೆ ಹೊಲ, ಹೊಲದ ಅಂಚಿಗೆ ರೋಡು, ಎರಡರ ನಡುವೆ ಒಂದು ಬನ್ನಿಮರ, ಅದರ ಬುಡದಲ್ಲಿ ನಮ್ಮ ಕಲ್ಲಜ್ಜ. ಆಗ ಹಸು ಇಲ್ಲದ ಮನೆ ಹುಡುಕಬೇಕಿತ್ತು. ಯಾರ ಮನೆಯ ಹಸು ಈದಿದೆ ಎಂಬುದು ಗಿಣ್ಣು ಬೇಯುವ ವಾಸನೆಯಿಂದಲೇ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಆ ಬೆಲ್ಲ, ಏಲಕ್ಕಿ, ಹಸಿ ಹಾಲಿನ ವಾಸನೆ ಹಿಡಿದು ಯಾರದೋ ಹಿತ್ತಲಲ್ಲಿ ಸುಮ್ಮನೆ ಹೋಗಿ ನಿಂತವರು ನಿಮ್ಮಲ್ಲೂ ಇದ್ದೀರಿ, ಇಲ್ಲ ಅನ್ನಬೇಡಿ.

ಕಲ್ಲಜ್ಜ ಅಂದರೆ ಒಂದು ವೀರಗಲ್ಲು. ನನ್ನ ಎದೆಯೆತ್ತರ ಇತ್ತು. ಕೆಳಗೆ ಸಾಲಾಗಿ ಹಸುಗಳು, ಕೊನೆಯದಕ್ಕೆ ಅರ್ಧವೇ ಕೊಂಬು, ನಡುವೆ ಬಿಲ್ಲು ಹಿಡಿದ ಗಂಡಸು, ಮೇಲೆ ಅವನ ಎರಡೂ ರಟ್ಟೆ ಹಿಡಿದು ಎತ್ತಿಕೊಂಡು ಹೋಗುವ ಹೆಂಗಸರು. ಯಾವ ಕಾಲದಲ್ಲೋ ಕಳ್ಳರು ಹೊಡೆದುಕೊಂಡು ಹೋಗುತ್ತಿದ್ದ ಊರ ದನಗಳನ್ನು ಬಿಡಿಸಿ ತಂದು ಜೀವ ಬಿಟ್ಟವನಂತೆ. ಅವನು ನಮ್ಮ ಮನೆಯವನೇ ಎಂದು ನನ್ನ ಅಜ್ಜಿ, ಅಪ್ಪನ ತಾಯಿ, ಗಟ್ಟಿಯಾಗಿ ನಂಬಿದ್ದಳು. "ಅವನ ಮೂಗು ನೋಡು, ನಿಮ್ಮಪ್ಪನ ಮೂಗು ನೋಡು. ಒಂದೇ ಐತೆ" ಎನ್ನುತ್ತಿದ್ದಳು. ಕಲ್ಲಿನ ಮೂಗು ಸವೆದು ಹೋಗಿ ಎಷ್ಟೋ ಕಾಲವಾಗಿತ್ತು. ಅದನ್ನು ಅವಳಿಗೆ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ನಮ್ಮ ಮನೆಯಲ್ಲಿ ಹಸು ಈದರೆ ಗಿಣ್ಣು ಮೊದಲು ಕಲ್ಲಜ್ಜನಿಗೆ. ಅವನು ದನ ಉಳಿಸಿಕೊಟ್ಟಿದ್ದಕ್ಕೇ ನಾವು ಹಾಲು ಕಂಡಿದ್ದು ಎಂಬುದು ಅಜ್ಜಿಯ ವಾದ. ಗಿಣ್ಣಿನ ತಟ್ಟೆಯನ್ನು ಅವನ ಮುಂದಿಟ್ಟು, ಯಾವ ಹಸು ಈಯಿತು, ಹೋರಿಯೋ ಹೆಣ್ಣೋ, ಹಣೆಯ ಮೇಲೆ ಚುಕ್ಕೆ ಇದೆಯೋ ಇಲ್ಲವೋ, ಎಲ್ಲ ವರದಿ ಒಪ್ಪಿಸುತ್ತಿದ್ದಳು. ಅಷ್ಟು ಹೊತ್ತು ನಾನೂ ತಮ್ಮ ಮಂಜನೂ ಜೊಲ್ಲು ನುಂಗುತ್ತ ಕೈಕಟ್ಟಿ ನಿಂತಿರಬೇಕು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ರೋಡು ಅಗಲ ಮಾಡಲು ಬಂದರು. ಅಜ್ಜಿ ಆಗ ಮದುವೆಗೆಂದು ಹೊಳಲ್ಕೆರೆಗೆ ಹೋಗಿದ್ದಳು. ಬನ್ನಿಮರ ಉರುಳಿತು. ಯಂತ್ರ ಕಲ್ಲಜ್ಜನನ್ನೂ ಕಿತ್ತು ಜಲ್ಲಿಯ ರಾಶಿಗೆ ಹಾಕಿತು. ಅದೇ ಹೊತ್ತಿಗೆ ಆ ದಾರಿಯಲ್ಲಿ ಬಂದ ಖಾಸಗಿ ಬಸ್ಸಿನ ಕಂಡಕ್ಟರೊಬ್ಬರು ಸೀಟಿ ಊದಿ ಬಸ್ಸು ನಿಲ್ಲಿಸಿ ಇಳಿದರು. ಅವರು ಹಿರಿಯೂರಿನವರು. ಓಡಾಡುವ ಊರುಗಳಲ್ಲಿ ಜನ ಬಿಸಾಡಿದ ಹಳೇ ಸಾಮಾನನ್ನೆಲ್ಲ ತಂದು ತಮ್ಮ ಮನೆಯಲ್ಲಿ ಮ್ಯೂಸಿಯಂ ಮಾಡಿದ್ದರು. ಅವರು ಚಿಕ್ಕಪ್ಪನನ್ನು ಕೇಳಿದರು, ಚಿಕ್ಕಪ್ಪ ಹೂಂ ಅಂದ. ಪ್ಯಾಸೆಂಜರುಗಳೆಲ್ಲ ಕೈಜೋಡಿಸಿ, ಹಗ್ಗ ಕಟ್ಟಿ ಎಳೆದು, ಕಲ್ಲಜ್ಜನನ್ನು ಬಸ್ಸಿನ ಟಾಪಿಗೆ ಏರಿಸಿದರು. ನಾನು ಸ್ಕೂಲಿನಿಂದ ಬರುವಷ್ಟರಲ್ಲಿ ಅಲ್ಲಿ ಒಂದು ಗುಂಡಿ ಇತ್ತು, ಅಷ್ಟೆ.

ಅಜ್ಜಿ ಊರಿಗೆ ಬಂದವಳು ಚೀಲ ಕೆಳಗಿಡಲಿಲ್ಲ. "ಯಾರನ್ನ ಕೇಳಿ ಕಳಿಸ್ದ್ಯೋ?" ಎಂದು ಚಿಕ್ಕಪ್ಪನನ್ನು ಹಿಡಿದುಕೊಂಡಳು.

"ಇಲ್ಲಿದ್ದಿದ್ರೆ ಟಾರಿನ ಕೆಳಗೆ ಹೋಗಿರೋನು ಕಣವ್ವ. ಅಲ್ಲಿ ನೆಳ್ಳಾಗೆ ಅವನೆ."

"ಹಂಗಾರೆ ಅವನು ತಿನ್ನದ ಗಿಣ್ಣು ನನಗೂ ಬ್ಯಾಡ."

ನನಗೂ ಬೇಡ ಅಂದಿದ್ದು ಅಜ್ಜಿ ಒಬ್ಬಳೇ. ಆದರೆ ನಮ್ಮ ಮನೆಯಲ್ಲಿ ಅಜ್ಜಿಗೆ ಬೇಡವಾದದ್ದು ಯಾರಿಗೂ ಸಿಗುತ್ತಿರಲಿಲ್ಲ. ಆ ಮಳೆಗಾಲದಲ್ಲಿ ಬೆಳ್ಳಿ ಎಂಬ ನಮ್ಮ ಹಸು ಈಯಿತು. ಕರು ಕುಡಿದು ಉಳಿದ ಹಾಲು ನೇರ ಪಕ್ಕದ ಮನೆಗೆ ಹೋಯಿತು. ನಮ್ಮ ಹಸುವಿನ ಗಿಣ್ಣನ್ನು ಅವರ ಮಕ್ಕಳು ಜಗಲಿಯ ಮೇಲೆ ಕೂತು, ಬೇಕಂತಲೇ ನಿಧಾನವಾಗಿ, ಬೆರಳು ಚೀಪಿ ಚೀಪಿ ತಿಂದರು. ಮಂಜನೂ ನಾನೂ ಕಾಂಪೌಂಡಿನ ಮೇಲೆ ಕೂತು ನೋಡಿದೆವು. ಆ ಮಕ್ಕಳ ಮೇಲೆ ನನಗೆ ಈಗಲೂ ಸಣ್ಣ ಸಿಟ್ಟಿದೆ. ಆದರೆ ರಾತ್ರಿ ಊಟಕ್ಕೆ ಕೂತಾಗ ನೋಡಿದೆ, ಅಜ್ಜಿ ಮುದ್ದೆಯನ್ನೂ ಮುಟ್ಟದೆ ಬಾಗಿಲ ಕಡೆ ನೋಡುತ್ತಿದ್ದಳು. ಅವಳಿಗೆ ನಮಗಿಂತ ಹೆಚ್ಚು ಸಂಕಟವಾಗಿದೆ ಎಂದು ಅವತ್ತು ಗೊತ್ತಾಯಿತು.

ಮಳೆಗಾಲ ಮುಗಿದ ಮೇಲೆ ಸ್ಕೂಲಿನವರು ನಮ್ಮನ್ನು ಹಿರಿಯೂರಿಗೆ ಕರೆದುಕೊಂಡು ಹೋದರು. ಕಂಡಕ್ಟರ್ ಮ್ಯೂಸಿಯಂ ನೋಡಿದವರು ಮರೆಯುವ ಹಾಗಿಲ್ಲ. ಆಗಲೇ ಅವರು ಕೆಲಸ ಬಿಟ್ಟಿದ್ದರು, ಸೀಟಿ ಮಾತ್ರ ಬಿಟ್ಟಿರಲಿಲ್ಲ. ಒಂದು ಕೋಣೆ ನೋಡಿ ಮುಗಿಸಿದರೆ ಸೀಟಿ ಊದಿ "ಒಳಗೆ ನಡೀರಿ, ಹಿಂದೆ ಜಾಗ ಐತೆ" ಎನ್ನುತ್ತಿದ್ದರು. ಬಾಟಲಿಯಲ್ಲಿ ಎರಡು ತಲೆಯ ಕರು, ಅಂಟಿಕೊಂಡು ಬೆಳೆದ ಅವಳಿ ತೆಂಗಿನಕಾಯಿ, ಟೂರಿಂಗ್ ಟಾಕೀಸಿನ ಪ್ರೊಜೆಕ್ಟರು, ಸೇರು ಪಾವು, ಯಾರದೋ ಮನೆಯ ಬಾಗಿಲಿಗೆ ಆನಿಕೆಯಾಗಿದ್ದ ಫಿರಂಗಿ ಗುಂಡು. ಹೆಸರುಗಳನ್ನೆಲ್ಲ ಹಳೇ ಬಸ್ ಬೋರ್ಡುಗಳ ಬೆನ್ನಿಗೆ ಬರೆದಿದ್ದರು. ಹೊಸದುರ್ಗದ ಬೋರ್ಡಿನ ಬೆನ್ನಿನಲ್ಲಿ 'ವೀರಗಲ್ಲು, ಐಮಂಗಲ ಕಡೆಯದು, ಮುಟ್ಟಬಾರದು' ಎಂದಿತ್ತು. ಕೆಳಗಿನ ಸಾಲಿನ ಕೊನೆಯ ಹಸುವಿಗೆ ಅರ್ಧ ಕೊಂಬು. ನಮ್ಮ ಕಲ್ಲಜ್ಜನೇ. ನನಗೆ ಅಳು ಬಂತು. ಯಾಕೆ ಎಂದು ಮೇಷ್ಟ್ರು ಕೇಳಿದರು, ಎರಡು ತಲೆಯ ಕರು ನೋಡಿ ಹೆದರಿಕೆಯಾಯಿತು ಎಂದೆ.

ಮನೆಗೆ ಬಂದು ಹೇಳಿದರೆ ಅಜ್ಜಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. "ನಿಂತವನೋ, ಮಲಗವನೋ?"

"ನಿಂತವನೆ ಕಣಜ್ಜಿ."

"ಮಕ ಯಾ ಕಡೆ?"

ಅದನ್ನು ನಾನು ನೋಡಿರಲಿಲ್ಲ. ಯೋಚಿಸಿ, "ಸಂಜೆ ಬಿಸಿಲು ಮಕದ ಮ್ಯಾಲೆ ಬಿದ್ದಿತ್ತು" ಎಂದೆ.

"ಪಡುವಕ್ಕೆ ನಿಲ್ಸವ್ರೆ" ಎಂದಳು. "ದಿನಾ ಹೊತ್ತು ಹುಟ್ಟಾದು ನೋಡ್ತಿದ್ದೋನು." ಆಮೇಲೆ ಒಲೆಯ ಕಡೆ ತಿರುಗಿ ಕೂತಳು. ಹೊಗೆ ಇಲ್ಲದ ಒಲೆಯ ಮುಂದೆ ಕಣ್ಣು ಒರೆಸಿಕೊಂಡಳು.

ಕೆಂಪಿ ಎಂಬ ಇನ್ನೊಂದು ಹಸು ಚಳಿಗಾಲದಲ್ಲಿ ಈಯಿತು. ಹಾಲು ಪಕ್ಕದ ಮನೆಗೆ ಹೋಗುತ್ತದೆ ಎಂದು ನಾವು ಆಸೆ ಬಿಟ್ಟು ಮಲಗಿದ್ದೆವು. ಬೆಳಗ್ಗೆ ಎದ್ದರೆ ಮನೆ ತುಂಬ ಅದೇ ವಾಸನೆ. ಅಜ್ಜಿ ಸ್ನಾನ ಮಾಡಿ, ಮದುವೆಗೆ ಉಡುವ ಸೀರೆ ಉಟ್ಟು, ಗಿಣ್ಣನ್ನು ಸ್ಟೀಲ್ ಡಬ್ಬಿಗೆ ತುಂಬುತ್ತಿದ್ದಳು.

"ಏಳ್ರಿ, ಹಿರಿಯೂರಿಗೆ ಹೋಗಾಣ. ಅವನು ನೋಡಿದ್ರೆ ತಿನ್ನಾಣ. ಅವರು ಬಿಡದಿದ್ರೆ ಹಂಗೇ ತಂದು ಪಕ್ಕದ್ ಮನೇಗೆ ಕೊಡಾಣ."

ಬಸ್ಸಿನಲ್ಲಿ ಬಿಸಿ ಡಬ್ಬಿ ನನ್ನ ತೊಡೆಯ ಮೇಲಿತ್ತು. ಮುಚ್ಚಳ ಬಿಗಿಯಾಗಿದ್ದರೂ ಮುಂದಿನ ಸೀಟಿನವರು ತಿರುಗಿ ತಿರುಗಿ ನೋಡಿದರು. ಯಾವ ದೇವರಿಗೂ ನಾನು ಅಷ್ಟು ಬೇಡಿಕೊಂಡಿರಲಿಲ್ಲ.

ಕಂಡಕ್ಟರು ಬಾಗಿಲಲ್ಲೇ ತಡೆದರು. "ಬರ್ರಿ ಅಜ್ಜಿ, ಕುಂತ್ಕಳ್ರಿ. ಆದ್ರೆ ಡಬ್ಬಿ ಹೊರಗಿಡ್ರಿ. ತಿನ್ನೋ ಸಾಮಾನು ಒಳಗೆ ಬಿಡಲ್ಲ."

"ತಿನ್ನಕ್ಕಲ್ಲಪ್ಪ. ನಮ್ಮೋನು ಒಬ್ಬ ಒಳಗವನೆ, ಅವನಿಗೆ."

ಅವರಿಗೆ ಅರ್ಥವಾಯಿತು. ಮುಖ ಗಂಟಾಯಿತು. "ಅದು ಈಗ ಮ್ಯೂಸಿಯಂ ಕಲ್ಲು ಅಜ್ಜಿ. ಪೂಜೆ ಗೀಜೆ ಮಾಡಂಗಿಲ್ಲ. ಎಣ್ಣೆ, ಅರಿಶಿಣ ಹಚ್ಚಂಗಿಲ್ಲ. ನಿಮಗೆ ಬಿಟ್ರೆ ನಾಳೆ ಇನ್ನೊಬ್ರು ಕಾಯಿ ಒಡೀತಾರೆ."

"ಪೂಜೆ ಯಾರು ಮಾಡ್ತಾರಪ್ಪ? ಇಲ್ಲಿಗೆ ಬಂದೋರು ಏನ್ ಮಾಡ್ತಾರೆ?"

"ನೋಡ್ತಾರೆ."

"ನಾವು ಅವನನ್ನ ನೋಡ್ತೀವಿ. ಅವನು ಗಿಣ್ಣು ನೋಡ್ಲಿ. ಮುಟ್ಟಾದಿಲ್ಲ, ಇಡಾದಿಲ್ಲ. ಬರೀ ತೋರಿಸ್ತೀನಿ."

ಕಂಡಕ್ಟರು ನನ್ನನ್ನು ನೋಡಿದರು, ಮಂಜನನ್ನು ನೋಡಿದರು, ಡಬ್ಬಿ ನೋಡಿದರು. ಮಂಜ ಬಾಯಿ ತೆರೆದುಕೊಂಡೇ ನಿಂತಿದ್ದ. ಕೊನೆಗೆ ಅವರು ಸೀಟಿ ತೆಗೆದು ಮೆತ್ತಗೆ ಊದಿ, "ಒಳಗೆ ನಡೀರಿ" ಎಂದರು.

ಅಜ್ಜಿ ಕಲ್ಲಜ್ಜನ ಎದುರು ನಿಂತು ಮುಚ್ಚಳ ತೆಗೆದಳು. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಖದ ಹತ್ತಿರ ಎತ್ತಿದಳು. ಏಲಕ್ಕಿಯ ವಾಸನೆ ಎರಡು ತಲೆಯ ಕರುವಿನವರೆಗೂ ಹೋಗಿರಬೇಕು. "ಕೆಂಪಿ ಈದಳಪ್ಪ" ಎಂದಳು. "ಹೆಣ್ಗರ. ಹಣೇ ಮ್ಯಾಲೆ ಚುಕ್ಕೆ ಐತೆ. ಬೆಳ್ಳಿನೂ ಈದ್ಲು, ಅವಾಗ ಬರಕ್ಕಾಗ್ಲಿಲ್ಲ. ನನ್ ಮ್ಯಾಲೆ ಸಿಟ್ಟು ಮಾಡ್ಕಬ್ಯಾಡ. ನಾನು ಊರಾಗಿರ್ಲಿಲ್ಲ ಕಣಪ್ಪ." ಕಂಡಕ್ಟರು ಗೋಡೆ ಕಡೆ ತಿರುಗಿ, ನೆಟ್ಟಗೇ ಇದ್ದ ಬೋರ್ಡೊಂದನ್ನು ನೆಟ್ಟಗೆ ಮಾಡುತ್ತ ನಿಂತರು.

ಹೊರಗೆ ಮೆಟ್ಟಿಲ ಮೇಲೆ ಕೂತು ತಿಂದೆವು. ಮೊದಲ ತುಂಡು ಅಜ್ಜಿಯೇ ಬಾಯಿಗೆ ಹಾಕಿಕೊಂಡಳು, ನಾವು ಅವಳ ಬಾಯಿಯನ್ನೇ ನೋಡುತ್ತಿದ್ದೆವು. ತೂತು ತೂತಾದ, ಬೆಲ್ಲದ ನೀರು ಒಸರುವ, ಹಲ್ಲಿಗೆ ಸಿಕ್ಕಿದರೆ ಮೆತ್ತಗೆ ಕಿರುಗುಟ್ಟುವ ಆ ಗಿಣ್ಣಿನ ರುಚಿ ಮತ್ತೆ ನನಗೆ ಸಿಕ್ಕಿಲ್ಲ. ಕಂಡಕ್ಟರಿಗೂ ಕೊಟ್ಟಳು. ಅವರು ಬೇಡ ಬೇಡ ಅನ್ನುತ್ತಲೇ ಎರಡನೇ ಸಲ ಕೈ ಚಾಚಿದರು.

ಆಮೇಲೆ ನಮ್ಮ ಮನೆಯಲ್ಲಿ ಹಸು ಈದಾಗಲೆಲ್ಲ ಹಿರಿಯೂರಿನ ಬಸ್ಸು ಹತ್ತುವುದು ರೂಢಿಯಾಯಿತು. ಮುಂದಿನ ಸಲ ಹೋದಾಗ ಕಲ್ಲಜ್ಜ ಜಾಗ ಬದಲಿಸಿದ್ದ. ಮೂಡಣ ಕಿಟಕಿಗೆ ಎದುರಾಗಿ ನಿಂತಿದ್ದ. ಪ್ರೊಜೆಕ್ಟರು, ಅವಳಿ ತೆಂಗಿನಕಾಯಿ ಎಲ್ಲ ಅವನಿಗಾಗಿ ಮೂಲೆ ಸೇರಿದ್ದವು. ಅಜ್ಜಿ ಕಂಡಕ್ಟರ ಕಡೆ ನೋಡಿದಳು. "ಬೆಳಕು ಚೆನ್ನಾಗಿ ಬೀಳ್ಲಿ ಅಂತ ತಿರುಗಿಸ್ದೆ ಅಜ್ಜಿ, ಬೇರೇನಿಲ್ಲ" ಎಂದರು ಅವರು. ತಾನು ಹೇಳದೆ ಅವರಿಗೆ ಹೇಗೆ ಗೊತ್ತಾಯಿತು ಎಂದು ಅಜ್ಜಿ ದಾರಿಯುದ್ದಕ್ಕೂ ಆಶ್ಚರ್ಯಪಟ್ಟಳು. ಹೇಳಿದವನು ಮಂಜ. ಅಜ್ಜಿಗೆ ಅದು ಕೊನೆಯವರೆಗೂ ಗೊತ್ತಾಗಲಿಲ್ಲ.

ಈಗ ಅಜ್ಜಿ ಇಲ್ಲ, ಕಂಡಕ್ಟರೂ ಇಲ್ಲ. ಊರಲ್ಲಿ ಮನೆಗೆ ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತದೆ. ಕಂಡಕ್ಟರ ಮ್ಯೂಸಿಯಮ್ಮಿನ ಕಲ್ಲುಗಳು ದೂರದ ಒಂದು ದೊಡ್ಡ ಮ್ಯೂಸಿಯಮ್ಮಿಗೆ ಹೋದವು. ಹೋದ ವರ್ಷ ನನ್ನ ಜೊತೆ ಕೆಲಸ ಮಾಡುವ ಹಿರೇಗುಂಟನೂರಿನ ಗೆಳತಿ, ಮನೆಯಲ್ಲಿ ಹಸು ಈದಿದೆ ಎಂದು ಒಂದು ಡಬ್ಬಿ ಗಿಣ್ಣು ಕೊಟ್ಟಳು. ನಾನು ಮುಚ್ಚಳ ತೆಗೆಯಲಿಲ್ಲ. ರಜೆ ಹಾಕಿ, ಮಗಳನ್ನು ಕರೆದುಕೊಂಡು, ಅದನ್ನು ಐಸಿನಲ್ಲಿಟ್ಟುಕೊಂಡು ಆ ಮ್ಯೂಸಿಯಮ್ಮಿಗೆ ಹೋದೆ.

ಗೇಟಿನಲ್ಲಿ ಡಬ್ಬಿಯಿದ್ದ ಬ್ಯಾಗು ಇಸಿದುಕೊಂಡು ಟೋಕನ್ ಕೊಟ್ಟರು. ತೋರಿಸಕ್ಕೆ ಅಷ್ಟೇ ಎಂದೆ. ಗಾರ್ಡಿಗೆ ಅರ್ಥವಾಗಲಿಲ್ಲ, ಅವನದು ತಪ್ಪಲ್ಲ.

ಒಳಗೆ ಎಲ್ಲ ಚೆನ್ನಾಗಿತ್ತು. ತಂಪು, ಗಾಜು, ಒಳ್ಳೆಯ ದೀಪ. ಕಲ್ಲಜ್ಜ ಇಷ್ಟು ಚೊಕ್ಕಟವಾಗಿ ಇದ್ದದ್ದನ್ನು ನಾನು ನೋಡಿರಲಿಲ್ಲ. ನಿನ್ನ ತಾತನ ಮೂಗು ಹೀಗೇ ಇತ್ತಂತೆ ನೋಡು ಎಂದು ಮಗಳಿಗೆ ತೋರಿಸಿದೆ. "ಮೂಗೇ ಇಲ್ವಲ್ಲಮ್ಮ" ಎಂದಳು. ಮುಖ ಯಾವ ಕಡೆ ಎಂದು ತಿಳಿಯಲು ಸುತ್ತ ನೋಡಿದೆ. ಆ ಕೋಣೆಗೆ ಕಿಟಕಿಯೇ ಇರಲಿಲ್ಲ.

"ಇಲ್ಲಿ ಪೂರ್ವ ಯಾವ ಕಡೆ?" ಎಂದು ಅಲ್ಲಿದ್ದ ಹುಡುಗಿಯನ್ನು ಕೇಳಿದೆ.

"ಗೊತ್ತಿಲ್ಲ ಮೇಡಂ. ಹೊರಗೆ ಹೋಗೋ ದಾರಿ ಎಡಕ್ಕೆ" ಎಂದಳು.

ಹೊರಗೆ ಬಂದು ಟೋಕನ್ ಕೊಟ್ಟು ಬ್ಯಾಗು ತಗೊಂಡೆ. ಮಗಳು ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚಿದಳು. ಅವಳಿಗೆ ಬೇಡ ಅನ್ನಲಿಲ್ಲ. ಬೆರಳು ಚೀಪಿ ಚೀಪಿ ತಿಂದಳು, ನೋಡಿ ಸಂತೋಷವಾಯಿತು. "ನೀನೂ ತಗೋ ಅಮ್ಮ" ಎಂದು ಒಂದು ತುಂಡು ನನ್ನ ಬಾಯಿಯ ಹತ್ತಿರ ತಂದಳು.

"ನೀನು ತಿನ್ನು ಪುಟ್ಟಿ" ಎಂದೆ. "ಅವನಿನ್ನೂ ನೋಡಿಲ್ಲ."