ಹಾಡಿನ ಕೆಳಗಿನ ದನಿ

ಬೂಸ್ಟು ಹಿಡಿದ ವಿಡಿಯೋ ಕ್ಯಾಸೆಟ್ಟನ್ನು ಒರೆಸುವ ಕೆಲಸ ನಿಮಗೆ ಎಂದಾದರೂ ಬಿದ್ದಿದೆಯೋ ಇಲ್ಲವೋ ನಾನರಿಯೆ. ಎಳೆಗೂಸಿನ ಕಿವಿ ಒರೆಸುವಷ್ಟೇ ನಾಜೂಕಿನ ಕೆಲಸವದು. ಬೆರಳು ತುಸು ಬಿಗಿಯಾದರೆ ಒಳಗಿನ ಕಪ್ಪು ಪಟ್ಟಿ ಸುಕ್ಕಾಗುತ್ತದೆ, ಸಡಿಲಾದರೆ ಬಿಳಿ ಬೂಸ್ಟು ಇದ್ದಲ್ಲೇ ಇರುತ್ತದೆ. ಕಳೆದ ಭಾನುವಾರ ಮಧ್ಯಾಹ್ನ ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ನನ್ನ ಅಕ್ಕನ ಮಗಳು ದೀಪಾ ಅರಳೆಯ ಉಂಡೆ ಹಿಡಿದು ಈ ಕೆಲಸಕ್ಕೆ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು, ಯಾರೂ ಕೇಳದ ಸಲಹೆಗಳನ್ನು ಕೊಡುತ್ತಿದ್ದೆ. ವರ್ಷಗಟ್ಟಲೆ ಶಾಲೆಯಲ್ಲಿ ಕನ್ನಡ ಕಲಿಸಿದ್ದರಿಂದ, ಗೊತ್ತಿಲ್ಲದ್ದನ್ನೂ ತಿದ್ದುವ ಚಟ ನನಗೆ ಅಂಟಿಕೊಂಡಿದೆ.

ಕ್ಯಾಸೆಟ್ಟು ನನ್ನ ಅಕ್ಕ ಗಿರಿಜೆಯ ಮದುವೆಯದು. ದೀಪಾ ಇನ್ನೂ ತೊಟ್ಟಿಲಲ್ಲಿರುವಾಗಲೇ ಅಕ್ಕ ಕಾಮಾಲೆಯಾಗಿ ತೀರಿಕೊಂಡಳು, ಕೂಸು ನನ್ನ ಮಡಿಲಿಗೆ ಬಂತು. ಆಕೆಯ ಫೋಟೋಗಳು ಮನೆಯಲ್ಲಿ ಬೇಕಾದಷ್ಟಿವೆ, ಆಕೆಯ ಸೀರೆಗಳನ್ನು ದೀಪಾ ಉಟ್ಟೂ ನೋಡಿದ್ದಾಳೆ. ಆದರೆ ತನ್ನ ತಾಯಿಯ ದನಿಯನ್ನು ಕೇಳಿದ ನೆನಪು ಮಾತ್ರ ಅವಳಿಗಿಲ್ಲ. ಹಾಳಾಗುವ ಮೊದಲು ಕಂಪ್ಯೂಟರಿಗೆ ಇಳಿಸಿಕೊಂಡರೆ ಚಿಂತೆಯಿಲ್ಲವೆಂದು ಅವಳು ಬಾಯಲ್ಲಿ ಹೇಳುತ್ತಿದ್ದಳು. ಅವಳಿಗೆ ಬೇಕಾಗಿದ್ದು ಆ ದನಿಯೆಂಬುದು ನನಗೆ ಗೊತ್ತಿತ್ತು, ಯಾಕೆಂದರೆ ಆಸೆ ಹಚ್ಚಿದವಳೇ ನಾನು.

ನಮ್ಮ ಕಡೆಯ ಮದುವೆಗಳಲ್ಲಿ ಹೊಸ ಮದುಮಗಳು ಗಂಡನ ಮನೆಯ ಹೊಸ್ತಿಲಿಗೆ ಬಂದಾಗ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳಿದ ಹೊರತು ಒಳಗೆ ಬಿಡುವುದಿಲ್ಲ. ಹೆಸರನ್ನು ಬರಿದೇ ಹೇಳುವಂತಿಲ್ಲ, ಪ್ರಾಸ ಕೂಡಿಸಿ ಒಡಪು ಕಟ್ಟಬೇಕು. ಲಕ್ಷ್ಮೇಶ್ವರದ ಆ ಬಾಗಿಲಲ್ಲಿ ಅಕ್ಕ ಹೇಳಿದ ಒಡಪು ನನಗೆ ಇಂದಿಗೂ ಬಾಯಿಪಾಠ:

"ಅಸುಂಡಿ ಹೊಲದಾಗ ಹತ್ತಿ ಅರಳ್ಯಾವ ಬೆಳ್ಳಗ, ಶಿವಾನಂದ ಅವರ ಹೆಸರ ಹೇಳತೀನಿ, ಬಿಡ್ರಿ ನನ್ನ ಒಳಗ."

ಇದು ಕ್ಯಾಸೆಟ್ಟಿನಲ್ಲಿದೆ, ನಿಮ್ಮವ್ವನ ಬಾಯಿಂದಲೇ ಕೇಳುತ್ತೀ ಎಂದು ನಾನು ದೀಪಾಳಿಗೆ ಎಷ್ಟೋ ಸಲ ಹೇಳಿದ್ದೆ. ಹಾಗೆಂದು ಖಾತ್ರಿಯಾಗಿ ನಂಬಿಯೂ ಇದ್ದೆ.

ಶಿರಹಟ್ಟಿಯ ಪರಿಚಯದವರೊಬ್ಬರ ಅಟ್ಟದಿಂದ ವಿಸಿಆರ್ ಬಂತು, ಹಳೆಯ ಕೌದಿಯಲ್ಲಿ ಸುತ್ತಿಕೊಂಡು, ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಕೂತು. ದೀಪಾ ಅದಕ್ಕೆ ಕೇಬಲ್ ಚುಚ್ಚಿ ಕಂಪ್ಯೂಟರಿಗೆ ಜೋಡಿಸಿದಳು. ಈ ಕೆಲಸದಲ್ಲಿ ನನಗೆ ಸೋಜಿಗವೆನಿಸಿದ್ದು ಒಂದೇ ಸಂಗತಿ: ಇಲ್ಲಿ ಅವಸರ ನಡೆಯುವುದಿಲ್ಲ. ಬೇರೆ ಯಾವ ಫೈಲನ್ನಾದರೂ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಈ ಯಂತ್ರ, ಹಳೆಯ ಕ್ಯಾಸೆಟ್ಟಿನ ಮುಂದೆ ಮಾತ್ರ ಕೈಕಟ್ಟಿ ಕೂಡುತ್ತದೆ; ಅರಿಷಿಣ ಹಚ್ಚಲು ಅಂದು ಎಷ್ಟು ಹೊತ್ತು ಹಿಡಿಯಿತೋ ಇಂದೂ ಅಷ್ಟೇ ಹೊತ್ತು ಹಿಡಿಯುತ್ತದೆ. ಕಳೆದುಹೋದ ದಿನವನ್ನು ಮರಳಿ ತರಬೇಕೆಂದರೆ ಅಷ್ಟೇ ಉದ್ದದ ಇಂದಿನ ದಿನವನ್ನು ತೆರಬೇಕು. ಈ ವ್ಯವಹಾರದಲ್ಲಿ ಲಾಭ ಯಾರದೆಂದು ಯೋಚಿಸುತ್ತಿರುವಾಗಲೇ ಪರದೆಯ ಮೇಲೆ ಒಂದಿಷ್ಟು ಗೆರೆಗಳು ಓಡಿ, ಮದುವೆಯ ಹಂದರ ಕಾಣಿಸಿತು.

ಹಂದರದೊಂದಿಗೆ ಸಿನಿಮಾ ಹಾಡೂ ಶುರುವಾಯಿತು. ಆಗಿನ ಮದುವೆ ಕ್ಯಾಸೆಟ್ಟುಗಳನ್ನು ಕಂಡವರಿಗೆ ಇದು ಹೊಸದಲ್ಲ. ಜನರ ಮಾತು, ಮಂತ್ರ, ವಾದ್ಯ ಎಲ್ಲವನ್ನೂ ಗದ್ದಲವೆಂದು ತೆಗೆದುಹಾಕಿ, ಅಲ್ಲೆಲ್ಲ ಹಾಡು ಕೂಡಿಸಿ ಕೊಡುವುದೇ ಸ್ಟುಡಿಯೋದವರ ರೀತಿ. ಮನೆಯವರೂ ಹಾಗೇ ಇರಬೇಕೆಂದು ಬಯಸುತ್ತಿದ್ದರು. ಬೀಗರು ಬಾಯಿ ಆಡಿಸುತ್ತಾರೆ, ಹಾಡು ಕೇಳುತ್ತದೆ. ಈಗ ಇಲ್ಲವಾದ ಎಷ್ಟೋ ಮಂದಿ ನಗುತ್ತ, ಕೈ ಬೀಸುತ್ತ ನಮ್ಮೆದುರು ಹಾದುಹೋದರು, ಒಬ್ಬರ ಸೊಲ್ಲೂ ಕೇಳಿಸಲಿಲ್ಲ.

"ಬಾಗಿಲಾಗ ಹಾಡು ಇರಂಗಿಲ್ಲ, ತಡಿ," ಎಂದೆ ನಾನು.

ದೀಪಾ ಪರದೆಯ ಹತ್ತಿರ ಸರಿದು ಕೂತಳು. ಲಕ್ಷ್ಮೇಶ್ವರದ ಮನೆ ಬಂತು, ಹೆಂಗಸರು ಅಡ್ಡ ನಿಂತರು. ಅಕ್ಕ ತಲೆ ತಗ್ಗಿಸಿ, ಸೆರಗಿನ ಚುಂಗು ಬೆರಳಿಗೆ ಸುತ್ತಿಕೊಳ್ಳುತ್ತ ತುಟಿ ತೆರೆದಳು. ಹಾಡು ನಿಲ್ಲಲಿಲ್ಲ. ಅಕ್ಕನ ತುಟಿಗಳು ಹತ್ತಿಯನ್ನು ಅರಳಿಸಿ, ಶಿವಾನಂದ ಭಾವನ ಹೆಸರು ಹೇಳಿ ಮುಚ್ಚಿದವು. ಹೆಂಗಸರೆಲ್ಲ ಗೊಳ್ಳೆಂದು ನಕ್ಕಿದ್ದು ಬಾಯಿಯ ಆಕಾರದಿಂದಷ್ಟೇ ತಿಳಿಯಿತು. ದೀಪಾ ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಹಚ್ಚಿದಳು, ದನಿ ಹೆಚ್ಚಿಸಿದಳು. ಹೆಚ್ಚಿದ್ದು ಹಾಡೇ.

"ಈ ಹಾಡು ತಗದ್ರ ಕೆಳಗ ಅವ್ವನ ದನಿ ಇರಬೇಕಲ್ಲ ಚಿಗವ್ವಾ?" ಎಂದಳು. ನಂತರ ತಾನೇ, "ಇಲ್ಲ ಬಿಡು. ಅಳಿಸೇ ಹಾಡು ತುಂಬ್ಯಾರ," ಎಂದಳು.

ಆಗ ನನಗೆ ಸ್ಟುಡಿಯೋದ ಬೆಂಚು ನೆನಪಾಯಿತು. ಯಾವ ಜಾಗಕ್ಕೆ ಯಾವ ಹಾಡೆಂದು ಆರಿಸಲು ಹೋಗುವಾಗ ಅಕ್ಕ ನನ್ನನ್ನೂ ಕರೆದೊಯ್ದಿದ್ದಳು. ಬಾಗಿಲ ದೃಶ್ಯ ಬಂದಾಗ ಸ್ಟುಡಿಯೋದವನು, ಒಡಪು ಛಲೋ ಐತಿ, ಇಷ್ಟು ಹಂಗ ಬಿಡೂಣೇನ್ರಿ ಎಂದು ಕೇಳಿದ್ದ. ಅಕ್ಕ ಮುಖ ಮುಚ್ಚಿಕೊಂಡಿದ್ದಳು. "ಬ್ಯಾಡ್ರಿ ಅಣ್ಣಾರ, ನನ್ನ ದನಿ ನನಗ ಕೇಳಾಕ ಆಗವಲ್ದು. ಅಲ್ಲೂ ಒಂದು ಚಂದನ್ನ ಹಾಡು ಹಾಕಿ ಮುಚ್ಚಿಬಿಡ್ರಿ." ನಾವಿಬ್ಬರೂ ದಾರಿಯುದ್ದಕ್ಕೂ ನಗುತ್ತ ಬಂದಿದ್ದೆವು. ಹೊಸ ಮದುಮಗಳ ನಾಚಿಕೆ ಅದು, ನಾಲ್ಕು ದಿನ ಇದ್ದು ಹೋಗುವಂಥದು. ಹೋಗಿದ್ದು ಅಕ್ಕ, ಉಳಿದಿದ್ದು ಆ ನಾಚಿಕೆ.

ದೀಪಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ, ತಾಯಿಯ ಬಗ್ಗೆ ತನಗೆ ಗೊತ್ತಿರದ ಹೊಸ ಸಂಗತಿಯೊಂದು ಸಿಕ್ಕಿತೆಂಬಂತೆ ಕಿವಿಗೊಟ್ಟು ಕೇಳಿದಳು. ಆಮೇಲೆ ಹಾಡಿನ ದನಿಯನ್ನು ಪೂರ್ತಿ ಇಳಿಸಿ, ಕ್ಯಾಸೆಟ್ಟನ್ನು ಮತ್ತೆ ಹಿಂದಕ್ಕೆ ತಿರುಗಿಸಿದಳು. ಆ ನಿಶ್ಶಬ್ದದಲ್ಲಿ ಅಕ್ಕ ಮತ್ತೊಮ್ಮೆ ಹೊಸ್ತಿಲಿಗೆ ಬಂದು ನಿಂತಳು.

"ಹೆಂಗಿತ್ತು ಅಕಿ ದನಿ?" ಎಂದಳು ದೀಪಾ.

ಉತ್ತರ ಹೇಳಲು ಕಣ್ಣು ಮುಚ್ಚಿದೆ. ಅಕ್ಕ ಹೋದ ಮೇಲೆ ನನ್ನ ತಾಯಿ ವಿಸಿಆರ್ ಬಾಡಿಗೆಗೆ ತರಿಸಿ ಈ ಕ್ಯಾಸೆಟ್ಟನ್ನು ಮತ್ತೆ ಮತ್ತೆ ನೋಡಿದ್ದಳು, ನಾನೂ ಜೊತೆಗೆ ಕೂತಿದ್ದೆ. ದುಃಖ ತಾಳದೆ ಅಪ್ಪ ಅದನ್ನು ಟ್ರಂಕಿಗೆ ಹಾಕಿ ಕೀಲಿ ಜಡಿಯುವ ತನಕ. ಅಕ್ಕನ ತುಟಿ ಆಡಿದಾಗೆಲ್ಲ ಒಡಪನ್ನು ನಾನೇ ಮನಸ್ಸಿನಲ್ಲಿ ಹೇಳಿಕೊಂಡು, ಅದು ಕ್ಯಾಸೆಟ್ಟಿನಲ್ಲೇ ಇದೆಯೆಂದು ನಂಬಿಕೊಂಡಿರಬೇಕು. ಈಗ ಆ ಬಾಗಿಲನ್ನು ನೆನೆದರೆ ನನಗೆ ಕೇಳಿಸುವುದೂ ಅದೇ ಹಾಡು. ಸ್ಟುಡಿಯೋದವನು ಪಟ್ಟಿಯ ಮೇಲೆ ಮಾಡಿದ್ದನ್ನು ನಾವು ನೋಡಿ ನೋಡಿ ನಮ್ಮ ಕಿವಿಯೊಳಗೂ ಮಾಡಿಕೊಂಡಿದ್ದೆವು. ಒಡಪು ಉಳಿದಿದೆ, ಅಕ್ಷರಕ್ಕೆ ಅಕ್ಷರ. ಅದನ್ನು ಹೇಳಿದ ಗಂಟಲು ಉಳಿದಿಲ್ಲ. ಇಷ್ಟು ವರ್ಷ ನಾನು ಅಕ್ಕನನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆಂದು ತಿಳಿದಿದ್ದೆ.

"ನೆನಪ ಬರಂಗಿಲ್ಲೇನು?" ಎಂದಳು ದೀಪಾ, ಮೆತ್ತಗೆ. "ಹೋಗಲಿ, ಅಕಿ ಹೆಂಗ ಹೇಳಿದ್ಲೋ ಹಂಗ ನೀನ ಒಮ್ಮೆ ಹೇಳು."

ಪರದೆಯ ಮೇಲೆ ಅಕ್ಕ ತುಟಿ ತೆರೆದಾಗ ನಾನೂ ತೆರೆದೆ. ಹತ್ತಿ ಅರಳಿತು, ಹೆಸರು ಬಂತು, ಬಾಗಿಲು ಬಿಟ್ಟರು. ಕೇಳಿದ್ದು ಪಾಠ ಒಪ್ಪಿಸುವ ನನ್ನ ದನಿ.

"ಹಿಂಗಿತ್ತೇನು?"

"ಅಲ್ಲ. ಹಿಂಗಲ್ಲ."

"ಮತ್ತ ಹೆಂಗ?"

"ಹಿಂಗಲ್ಲ ಅನ್ನೂದಷ್ಟ ಗೊತ್ತೈತಿ, ಮಗಳ."