ಬಸ್ಸಿಗೆ ಎದುರು ನಿಂತ ವೈಲ್ಡ್‌ಬೀಸ್ಟ್

ಅಬುಧಾಬಿಯ ಒಂದು ಸಫಾರಿ ಪಾರ್ಕಿನಲ್ಲಿ ನಾನು ಬಸ್ ಓಡಿಸುತ್ತಿದ್ದಾಗ, ಒಂದು ಬೆಳಿಗ್ಗೆ ಗಂಡು ವೈಲ್ಡ್‌ಬೀಸ್ಟೊಂದು ದಾರಿಗೆ ಅಡ್ಡ ನಿಂತಿತು. ಅಲ್ಲಿ ಹಾರ್ನ್ ಹೊಡೆಯುವಂತಿಲ್ಲ. ರಿವರ್ಸ್ ಹೋದರೆ ವಾರ್ನಿಂಗ್ ಲೆಟರ್. ನನಗೆ ಆಗಲೇ ಒಂದು ಸಿಕ್ಕಿತ್ತು. ಬಸ್ಸು ಒಂದಡಿ ಮುಂದೆ ಹೋದರೆ ಸಾಕು, ಅದು ಮುಂಗಾಲು ಮಡಚಿ, ಕೊಂಬಿನಿಂದ ನೆಲ ಕೆದರಿ ಗುಟುರು ಹಾಕುತ್ತಿತ್ತು.

"ಅದೆಂಥದು ಮಾರಾಯಾ, ಎಮ್ಮೆಯಾ ಕುದುರೆಯಾ?" ಎಂದು ಮುಂದಿನ ಸೀಟಿನಲ್ಲಿದ್ದ ಸಿಸಿಲಿಯಾ ಬಾಯಮ್ಮ ಕೇಳಿದರು. ಮಂಗಳೂರಿನಿಂದ ದುಬೈಯ ಮಿರ್ದಿಫ್‌ನ ಮಗಳ ಮನೆಗೆ ಬಂದವರು.

"ಎರಡೂ ಅಲ್ಲ ಬಾಯಮ್ಮ, ಜಿಂಕೆಯ ಸಂಬಂಧಿಕ. ಗಂಡು ಒಂದು ತುಂಡು ಜಾಗ ಹಿಡಿದು ಬೇರೆ ಗಂಡುಗಳನ್ನು ಓಡಿಸುತ್ತದೆ. ಬಸ್ಸನ್ನೂ ಗಂಡೆಂದೇ ತಿಳಿದಿರಬೇಕು."

"ಹಾಗಾದರೆ ನೀನು ಸೋತುಬಿಡು. ನನಗೆ ಬಾತ್‌ರೂಮಿಗೆ ಹೋಗಬೇಕು."

ವಾಕಿಟಾಕಿಯಲ್ಲಿ ಸೂಪರ್‌ವೈಸರನ್ನು ಕೇಳಿದೆ. "ಮಾಫಿ ರಿವರ್ಸ್!" ಎಂದರು, ರಿವರ್ಸ್ ಇಲ್ಲವೇ ಇಲ್ಲ ಎಂದು. ಬಾಯಮ್ಮನ ಮುಖ ನೋಡಿ, ಆದದ್ದಾಗಲಿ ಎಂದು ನಾಲ್ಕಡಿ ಹಿಂದೆ ಸರಿದೆ. ಅದು ತಲೆಯೆತ್ತಿ ನೋಡಿ, ಗೆದ್ದವನಂತೆ ಬಾಲ ಬೀಸುತ್ತಾ ತನ್ನ ಹೆಣ್ಣುಗಳ ಕಡೆ ಓಡಿತು. ಬಸ್ಸಿನವರೆಲ್ಲ ಚಪ್ಪಾಳೆ ತಟ್ಟಿದರು, ನನಗಲ್ಲ, ಅದಕ್ಕೆ.

ಸಂಜೆ ಸೂಪರ್‌ವೈಸರ್ ಕಾರಣ ಬರೆದುಕೊಡಲು ಹೇಳಿದರು. "ಜಾಗದ ಯಜಮಾನರು ಬಿಡಲಿಲ್ಲ" ಎಂದು ಬರೆದೆ. ಅಲ್ಲಿ ಯಜಮಾನರೆಂದರೆ ಅರ್ಬಾಬ್, ಅರಬ್ ಮಾಲೀಕರು. ಓದಿದವರೇ ಎದ್ದು ನಿಂತು, "ಯಾವ ಅರ್ಬಾಬ್? ತುಂಬಾ ಸಿಟ್ಟಾಗಿದ್ದರಾ?" ಎಂದು ಮೆಲ್ಲಗೆ ಕೇಳಿದರು.