ಜ್ವರಕ್ಕೊಂದು ಕಥೆ

ಕಳೆದ ಆಷಾಢದಲ್ಲಿ ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಹೊಸ ಪುಸ್ತಕಗಳ ಕಟ್ಟೊಂದು ಬಂತು. ಆಟೋದವನು ಮಳೆ ಬಿದ್ದೀತೆಂದು ಅದರ ಮೇಲೆ ಗೋಣಿಚೀಲ ಹೊದಿಸಿದ್ದ. ಚೀಲ ನೆನೆದಿತ್ತು, ಪುಸ್ತಕಗಳು ನೆನೆದಿರಲಿಲ್ಲ. ದಾರ ಕತ್ತರಿಸಿ ಮೇಲಿದ್ದ ಪುಸ್ತಕ ತೆಗೆದೆ. ಅದೊಂದು ಕಥಾಸಂಕಲನ. ಅಭ್ಯಾಸಬಲದಿಂದ ಪರಿವಿಡಿಯ ಪುಟ ಬಿಡಿಸಿ ಮೂಗಿನ ಹತ್ತಿರ ಹಿಡಿದೆ. ಹೊಸ ಕಾಗದದ ವಾಸನೆಯೂ ಒದ್ದೆ ಗೋಣಿಯ ವಾಸನೆಯೂ ಒಟ್ಟಿಗೆ ಬಂದವು. ಐವತ್ತು ದಾಟಿದ ಹೆಂಗಸು ನಾನು, ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನಮ್ಮ ಅಟೆಂಡರ್ ಓಡಿಬಂದು, "ಮೇಡಂ, ಬಿಪಿ ಏನಾದ್ರೂ ಹೆಚ್ಚುಕಮ್ಮಿ ಆಯ್ತಾ?" ಎಂದು ನೀರು ತಂದುಕೊಟ್ಟ. ಬಿಪಿ ಅಲ್ಲಪ್ಪ ಎಂದೆ. ಏನು ಎಂದು ಅವನಿಗೆ ಹೇಳಲು ಆಗಲಿಲ್ಲ, ನಿಮಗಾದರೂ ಹೇಳಿಕೊಳ್ಳುತ್ತೇನೆ.

ಕುಂದಾಣದ ಹತ್ತಿರ ನಮ್ಮದು ರೇಷ್ಮೆ ಹುಳು ಸಾಕುವ ಮನೆ. ವಾಸದ ಮನೆಯ ಹಿಂದೆ ಹೆಂಚಿನ ಉದ್ದನೆಯ ಕಟ್ಟಡವೊಂದಿತ್ತು, ಅದೇ ಹುಳದ ಮನೆ. ಹೊಲದಿಂದ ಕೊಯ್ದು ತಂದ ಹಿಪ್ಪುನೇರಳೆ ಸೊಪ್ಪನ್ನು ಅದರ ಮೂಲೆಯಲ್ಲಿ ರಾಶಿ ಹಾಕಿ, ಬಾಡದಂತೆ ಒದ್ದೆ ಗೋಣಿ ಮುಚ್ಚುತ್ತಿದ್ದೆವು. ಸೊಪ್ಪಿನ ಹಸಿ, ಗೋಣಿಯ ತೇವ, ಹುಳು ಹರಡುವ ತಟ್ಟೆಗಳ ಬಿದಿರು, ಎರಚಿದ ಸುಣ್ಣದ ಪುಡಿ, ಇವೆಲ್ಲ ಬೆರೆತ ವಾಸನೆಯಲ್ಲೇ ನಾನು ಬೆಳೆದದ್ದು. ಶಾಲೆಯಲ್ಲಿ ಪಕ್ಕದಲ್ಲಿ ಕೂರುತ್ತಿದ್ದವಳು ನನ್ನ ಜಡೆಯೂ ಹುಳದ ಮನೆಯ ವಾಸನೆ ಹೊಡೆಯುತ್ತದೆ ಎಂದು ಮೂಗು ಮುಚ್ಚಿಕೊಳ್ಳುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಇವತ್ತು ಆ ವಾಸನೆಯನ್ನು ಯಾರಾದರೂ ಸೀಸೆಯಲ್ಲಿ ತುಂಬಿ ಕೊಟ್ಟರೆ ತಲೆಗೆ ಹಚ್ಚಿಕೊಂಡು ತಿರುಗಿಯೇನು.

ಈ ಹುಳು ಸಾಕುವ ಕೆಲಸ ಮನೆಮಂದಿಯನ್ನೆಲ್ಲ ತಿಂದುಹಾಕುತ್ತದೆ. ಕೊಯ್ಯಬೇಕು, ಹೆಚ್ಚಬೇಕು, ಹಾಕಬೇಕು, ಕಸ ತೆಗೆಯಬೇಕು, ಮತ್ತೆ ಕೊಯ್ಯಬೇಕು. ಬಿಡುವು ಎಂದರೆ ಹುಳು ಜ್ವರಕ್ಕೆ ಕೂತಾಗ ಮಾತ್ರ. ಜ್ವರವೆಂದರೆ ಕಾಯಿಲೆಯಲ್ಲ. ಗೂಡು ಕಟ್ಟುವ ಮೊದಲು ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಆಗೆಲ್ಲ ಸೊಪ್ಪು ಮುಟ್ಟದೆ ತಲೆಯೆತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಅದನ್ನೇ ನಮ್ಮ ಕಡೆ ಜ್ವರ ಎನ್ನುವುದು. ಒಂದೊಂದು ಜ್ವರ ಸುಮಾರು ಒಂದು ದಿನ. ನಾಲ್ಕನೆಯದು ಎಲ್ಲಕ್ಕಿಂತ ದೀರ್ಘ. ಆ ಹೊತ್ತಿನಲ್ಲಿ ಹುಳುಗಳಿಗೆ ಗಲಾಟೆ ಆಗಬಾರದು, ಗಾಳಿ ಚೆನ್ನಾಗಿ ಆಡಬೇಕು, ಇವೆರಡೂ ನಮ್ಮ ತಾತನ ಕಟ್ಟಪ್ಪಣೆ. ಮನೆಯವರೆಲ್ಲ ಕೈ ಕಟ್ಟಿಕೊಂಡು ಪಿಸುಗುಡುತ್ತಾ ಓಡಾಡುತ್ತಿದ್ದೆವು.

ಆ ಸುಮ್ಮನಿದ್ದ ಹೊತ್ತಿಗೆ ಕಥೆ ತಂದವಳು ಸರೋಜ ಚಿಕ್ಕಮ್ಮ, ನನ್ನ ಚಿಕ್ಕಪ್ಪನ ಹೆಂಡತಿ. ಅನುಗೊಂಡನಹಳ್ಳಿ ಕಡೆಯವಳು. ಎಸ್ಸೆಸ್ಸೆಲ್ಸಿ ಪಾಸು ಮಾಡಿ ನಮ್ಮ ಮನೆಗೆ ಬಂದ ಮೊದಲ ಸೊಸೆ. ಅವಳ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಆರು ಪುಸ್ತಕಗಳಿದ್ದವು, ಆರೂ ಕಥಾಸಂಕಲನಗಳು. ಅವುಗಳಲ್ಲಿ ಒಂದಂತೂ ಇಟ್ಟಿಗೆಯಷ್ಟು ದಪ್ಪ, ಹಲವು ಲೇಖಕರ ಕಥೆಗಳನ್ನು ಒಟ್ಟು ಮಾಡಿದ್ದು. ಕಾದಂಬರಿ ಯಾಕಿಲ್ಲ ಎಂದು ಮುಂದೊಮ್ಮೆ ಕೇಳಿದ್ದೆ. "ಕಾದಂಬ್ರಿ ಹಿಡ್ಕಂಡ್ರೆ ಬಿಡಕ್ಕಾಗಲ್ಲ ಮಗಾ. ಕಥೆ ಆದ್ರೆ ಹುಳ ಏಳೋದ್ರೊಳಗೆ ಮುಗೀತದೆ," ಎಂದಿದ್ದಳು. ಪರಿವಿಡಿಯಲ್ಲಿ ಒಂದೊಂದು ಕಥೆಯ ಮುಂದೆಯೂ ಪೆನ್ಸಿಲಿನಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಬರೆದಿಟ್ಟಿದ್ದಳು. ಚಿಕ್ಕ ಕಥೆ ಮೊದಲ ಜ್ವರಕ್ಕೆ, ತುಂಬಾ ಉದ್ದದ್ದು ನಾಲ್ಕನೆಯದಕ್ಕೆ. ಪುಸ್ತಕವನ್ನು ಹೀಗೆ ಅಳೆದವರನ್ನು ಇಷ್ಟು ವರ್ಷದ ಗ್ರಂಥಾಲಯದ ಕೆಲಸದಲ್ಲಿ ನಾನು ಬೇರೆ ಕಂಡಿಲ್ಲ.

ಮಧ್ಯಾಹ್ನದ ಊಟ ಮುಗಿಸಿ ನಾವೆಲ್ಲ ಹುಳದ ಮನೆಯ ನೆಲದ ಮೇಲೆ ಕೂರುತ್ತಿದ್ದೆವು. ಚಿಕ್ಕಮ್ಮ ಪಡುವಣ ಕಿಟಕಿಯ ಕೆಳಗೆ ಗೋಡೆಗೊರಗಿ, ಬಲ್ಬಿನ ಬೆಳಕಿಗೆ ಪುಸ್ತಕ ಹಿಡಿದು, ತೀರಾ ಮೆಲ್ಲಗೆ ಓದುತ್ತಿದ್ದಳು. ತಾತ ಕೇಳುತ್ತಿಲ್ಲ ಎನ್ನುವಂತೆ ಅತ್ತ ತಿರುಗಿ ಹಗ್ಗ ಹೊಸೆಯುತ್ತಿದ್ದ. ಕಥೆ ಬಿಗಿಯಾದ ಕಡೆ ಮಾತ್ರ ಅವನ ಕೈ ನಿಂತಿರುತ್ತಿತ್ತು. ಅಜ್ಜಿಗೆ ಕಥೆಯವರೆಲ್ಲ ನೆಂಟರೇ. ಯಾವ ಊರು, ಹೊಲ ಎಷ್ಟು, ತವರಲ್ಲಿ ಯಾರಿದ್ದಾರೆ ಎಂದು ನಡುನಡುವೆ ವಿಚಾರಿಸಬೇಕು. ಒಂದು ಕಥೆ ಮುಗಿದು ಮುಂದಿನ ಜ್ವರಕ್ಕೆ ಇನ್ನೊಂದು ಶುರುವಾದರೆ ಅವಳು ಬಿಡುತ್ತಿರಲಿಲ್ಲ.

"ಆ ಟೈಲರಮ್ಮ ಏನಾದ್ಲು?"

"ಅವಳ ಕಥೆ ಮುಗೀತು ಅತ್ತೆ."

"ಮುಗೀತು ಅಂದ್ರೆ? ಸತ್ತೋದ್ಲಾ?"

"ಇಲ್ಲ ಅತ್ತೆ, ಬದುಕವ್ಳೆ."

"ಇದ್ಮೇಲೆ ಮುಗಿಯೋದೆಂಗೆ? ಓದ್ದವ್ಳು ನೀನು, ಒಸಿ ಹೇಳು."

ಚಿಕ್ಕಮ್ಮ ನಗುತ್ತಾ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಸಂಕಲನ ಓದುವ ಸುಖವನ್ನು ನಾನು ಕಲಿತದ್ದು ಅಲ್ಲಿಯೇ. ಒಂದು ಮನೆಯ ಬಾಗಿಲು ತೆಗೆದು ನೋಡಿ, ಅಲ್ಲಿಯವರ ಕಷ್ಟಸುಖ ಅರ್ಧ ತಿಳಿದು, ಪುಟ ತಿರುಗಿಸಿದರೆ ಬೇರೆಯೇ ಬೀದಿ, ಬೇರೆಯೇ ಮಾತು. ಕೆಲವು ಲೇಖಕರು ಅಳಿಸುತ್ತಿದ್ದರು, ಕೆಲವರು ಅರ್ಥವೇ ಆಗುತ್ತಿರಲಿಲ್ಲ. ಅರ್ಥವಾಗದ ಕಥೆಯ ದಿನ ತಾತ, "ಇವತ್ತಿಂದು ಚಾಕಿ ಹುಳ, ಇನ್ನೂ ಎಳೇದು" ಎಂದು ತೀರ್ಪು ಕೊಡುತ್ತಿದ್ದ. ನಾನು ಹಿಂದಿನ ದಿನವೇ ಪರಿವಿಡಿ ಕದ್ದು ನೋಡಿ, ಹೆಸರು ಓದಿ, ಒಳಗೆ ಏನಿರಬಹುದು ಎಂದು ಊಹಿಸುತ್ತಾ ಮಲಗುತ್ತಿದ್ದೆ. ಕಥೆಗಿಂತ ಆ ಊಹೆಯೇ ಎಷ್ಟೋ ಸಲ ಚೆನ್ನಾಗಿರುತ್ತಿತ್ತು.

ನನಗೆ ಹನ್ನೊಂದು ವರ್ಷ. ಆಷಾಢದ ಬೆಳೆ, ನಾಲ್ಕನೇ ಜ್ವರ. ದಪ್ಪ ಪುಸ್ತಕದ ಅತಿ ಉದ್ದದ ಕಥೆಯನ್ನು ಚಿಕ್ಕಮ್ಮ ಆ ದಿನಕ್ಕೆಂದೇ ತೆಗೆದಿಟ್ಟಿದ್ದಳು. ಹೊರಗೆ ಗಾಳಿ ಎಂದರೆ ಗಾಳಿ. ಕಿಟಕಿಗೆ ಒಳಗಿನಿಂದ ಇಳಿಬಿಟ್ಟ ಗೋಣಿ ಪರದೆ ಪಟಪಟ ಬಡಿಯುತ್ತಿತ್ತು, ಪುಟಗಳು ಹಾರುತ್ತಿದ್ದವು, ಚಿಕ್ಕಮ್ಮನ ಸಣ್ಣ ದನಿ ನನ್ನ ತನಕ ಬರುತ್ತಲೇ ಇರಲಿಲ್ಲ. ಜೋರಾಗಿ ಓದು ಎನ್ನುವಂತಿಲ್ಲ, ತಾತನ ಅಪ್ಪಣೆ. ಕಥೆಯ ನಡುವೆ ಒಲೆಯ ಮೇಲಿನ ಹಾಲು ನೋಡಲು ಅವಳು ಒಳಮನೆಗೆ ಹೋದಳು. ತಾತ ಎಂದಿನಂತೆ ಅತ್ತ ತಿರುಗಿದ್ದ, ಉಳಿದವರು ತೂಕಡಿಸುತ್ತಿದ್ದರು. ನಾನು ಎದ್ದು, ಪರದೆಯ ಹಿಂದೆ ಕೈ ತೂರಿಸಿ, ಕಿಟಕಿಯ ಬಾಗಿಲೆಳೆದು ಚಿಲಕ ಹಾಕಿದೆ. ಪರದೆ ಸುಮ್ಮನಾಯಿತು. ಅವಳು ಬಂದು ಕೂತು ಓದು ಮುಂದುವರಿಸಿದಳು. ಒಂದೊಂದು ಮಾತೂ ಸ್ಪಷ್ಟವಾಗಿ ಕೇಳಿಸಿತು. ಅಷ್ಟು ಒಳ್ಳೆಯ ಮಧ್ಯಾಹ್ನ ನನ್ನ ಬಾಲ್ಯದಲ್ಲಿ ಮತ್ತೊಂದಿಲ್ಲ. ಕಥೆ ಮುಗಿದ ಮೇಲೆ ಕಿಟಕಿ ತೆಗೆಯಬೇಕೆನ್ನುವುದನ್ನು ಪೂರ್ತಿ ಮರೆತೆ.

ಅವತ್ತು ಸಂಜೆಯಿಂದ ಜಿನುಗುಮಳೆ ಹಿಡಿಯಿತು. ಹುಳುಗಳು ಜ್ವರದಿಂದ ಎದ್ದವು, ಸೊಪ್ಪು ತಿಂದವು. ಮೂರು ನಾಲ್ಕು ದಿನ ಕಳೆದ ಮೇಲೆ ಒಂದೊಂದಾಗಿ ಊದಿಕೊಂಡು, ಮೈ ಮಿರಮಿರ ಮಿಂಚಿ, ಮುಟ್ಟಿದರೆ ಹಾಲಿನಂಥ ನೀರು ಒಸರತೊಡಗಿದವು. ಹಾಲು ರೋಗ, ಗಾಳಿಯಾಡದೆ ಒಳಗೆ ತೇವ ಕೂತರೆ ಹಬ್ಬುವಂಥದ್ದು. ಇನ್ನೊಂದು ವಾರದಲ್ಲಿ ಗೂಡಾಗಬೇಕಿದ್ದ ಹುಳುಗಳನ್ನು ತಟ್ಟೆ ತಟ್ಟೆಯಾಗಿ ಹೊತ್ತೊಯ್ದು, ಗುಂಡಿಗೆ ಸುರಿದು, ಮೇಲೆ ಸುಣ್ಣ ಹಾಕಿದರು. ಖಾಲಿ ಹುಳದ ಮನೆ ತೊಳೆಯಲು ಪರದೆ ಬಿಚ್ಚಿದಾಗ ತಾತನಿಗೆ ಚಿಲಕ ಹಾಕಿದ ಕಿಟಕಿ ಕಂಡಿತು.

ಅವನು ಬೈಯಲಿಲ್ಲ. ಚಿಕ್ಕಮ್ಮನನ್ನು ಕರೆದು ಕಿಟಕಿ ತೋರಿಸಿದ. "ಹಾಳೆ ಹಾರ್ತವೆ ಅಂತ ಮುಚ್ಚಿದ್ಯೇನಮ್ಮಾ?" ಎಂದ. ಅವಳು ಕಿಟಕಿಯನ್ನೇ ನೋಡುತ್ತಾ ನಿಂತಳು. ನೆನಪು ಮಾಡಿಕೊಳ್ಳುತ್ತಿದ್ದಳು, ನನಗೆ ಕಾಣುತ್ತಿತ್ತು. ನಾನು ನಾಲ್ಕು ಮಾರು ದೂರದಲ್ಲಿ ಪೊರಕೆ ಹಿಡಿದು ನಿಂತಿದ್ದೆ. ಬಾಯಿ ತೆರೆದರೆ ಸಾಕಿತ್ತು. ಕೊನೆಗೆ ಅವಳು, "ಮುಚ್ಚಿರ್ಬೇಕು ಮಾವ. ಓದೋ ಗ್ಯಾನದಲ್ಲಿ ಗೊತ್ತಾಗ್ಲಿಲ್ಲ," ಎಂದಳು. ಮಾಡದ ತಪ್ಪನ್ನು ಅವಳು ಯಾರನ್ನೋ ಉಳಿಸಲು ಹೊತ್ತುಕೊಳ್ಳಲಿಲ್ಲ, ನಿಜವಾಗಿಯೂ ತನ್ನದೇ ಎಂದು ನಂಬಿಬಿಟ್ಟಳು. ಅದನ್ನು ನಾನು ಇವತ್ತಿಗೂ ಸಹಿಸಲಾರೆ.

ಓದಬೇಡ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಮುಂದಿನ ಬೆಳೆಯಲ್ಲಿ ಹುಳು ಜ್ವರಕ್ಕೆ ಕೂತಾಗ ಅವಳು ಅಂಗಳ ಸಾರಿಸುತ್ತಿದ್ದಳು. ತಾತ ಹಗ್ಗ ಹಿಡಿದು ಬಂದು ಅವನ ಜಾಗದಲ್ಲಿ ಕೂತ. ಸುಮಾರು ಹೊತ್ತು ಕೂತಿದ್ದು ಎದ್ದುಹೋದ. ಮಾವ ಸೊಸೆಯನ್ನು ಕಥೆ ಓದು ಎಂದು ಕೇಳುವುದು ಹೇಗೆ? ಅಜ್ಜಿ ಒಮ್ಮೆ ಕೇಳಿದಳು. "ಬ್ಯಾಡ ಅತ್ತೆ, ಕಣ್ಣು ಉರೀತವೆ," ಎಂದಳು ಚಿಕ್ಕಮ್ಮ. ಪುಸ್ತಕಗಳು ಟ್ರಂಕಿಗೆ ಹೋದವು, ಆಮೇಲೆ ಅಟ್ಟಕ್ಕೆ, ಆಮೇಲೆ ಇಲಿಗಳ ಪಾಲಿಗೆ. ನಾನು ಪ್ರತಿ ಜ್ವರಕ್ಕೂ ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಹೇಳದೆ ಓದಿದೆ, ಹೇಳದೆ ಮದುವೆಯಾದೆ, ಹೇಳದೆ ಪುಸ್ತಕಗಳ ನಡುವೆಯೇ ಕೆಲಸಕ್ಕೆ ಸೇರಿದೆ.

ತಾತ, ಅಜ್ಜಿ, ಅಪ್ಪ, ಅಮ್ಮ, ಚಿಕ್ಕಪ್ಪ ಎಲ್ಲರೂ ಹೋದರು. ಹುಳದ ಮನೆ ಇದ್ದ ಕಡೆ ಈಗ ಯಾವುದೋ ಗೋದಾಮಿನ ಕಾಂಪೌಂಡು. ಚಿಕ್ಕಮ್ಮ ವಿಜಯಪುರದಲ್ಲಿ ಮಗಳು ಗೀತಾಳ ಮನೆಯಲ್ಲಿದ್ದಾಳೆ. ನಾಲ್ಕು ವರ್ಷದಿಂದ ಅವಳಿಗೆ ಮರೆವಿನ ಕಾಯಿಲೆ. ಈಗ ನಡೆದದ್ದು ಈಗಲೇ ಹೋಗುತ್ತದೆ, ಹಳೆಯದು ಮಾತ್ರ ಗಟ್ಟಿಯಾಗಿ ಕೂತಿದೆ. ಹಳೆಯದರಲ್ಲೂ ಒಂದನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ: "ನಾನು ಓದ್ತಾ ಕೂತು ಒಂದು ಬೆಳೆ ಸಾಯಿಸ್ಬಿಟ್ಟೆ."

ಆ ಗೋಣಿ ವಾಸನೆ ಬಂದ ವಾರದಿಂದ ನಾನು ಪ್ರತಿ ಭಾನುವಾರ ಒಂದು ಸಂಕಲನ ಹಿಡಿದು ಅಲ್ಲಿಗೆ ಹೋಗುತ್ತೇನೆ. ತೀರಾ ಚಿಕ್ಕ ಕಥೆ ಆರಿಸಿ ಓದುತ್ತೇನೆ. ಕಣ್ಣರಳಿಸಿ ಕೇಳುತ್ತಾಳೆ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ, "ಇವ್ರೆಲ್ಲ ಯಾರು? ಮೊದ್ಲಿಂದ ಓದು" ಎನ್ನುತ್ತಾಳೆ. ಮೊದಲಿಂದ ಓದುತ್ತೇನೆ. ಇಷ್ಟು ತಿಂಗಳಲ್ಲಿ ಅವಳು ಒಂದು ಕಥೆಯ ಕೊನೆಯನ್ನೂ ಕೇಳಿಲ್ಲ. ಕಿಟಕಿ ಮುಚ್ಚಿದವಳು ನಾನು ಎಂದು ಮೊದಲ ಭಾನುವಾರವೇ ಹೇಳಿದೆ. ಅವಳು ನಕ್ಕು ನನ್ನ ಕೆನ್ನೆ ಸವರಿ, "ಮಗು ಅಲ್ವಾ ನೀನು, ಓಗ್ಲಿ ಬಿಡು" ಎಂದಳು. ನಲವತ್ತು ವರ್ಷದ ಭಾರ ಇಳಿಯಿತು ಎಂದುಕೊಂಡು ಮನೆಗೆ ಹೋದೆ. ಮುಂದಿನ ವಾರ ಬಾಗಿಲಲ್ಲೇ, "ಬಾ ಮಂಜಿ. ನಾನು ಒಂದು ಬೆಳೆ ಸಾಯಿಸ್ಬಿಟ್ಟೆ, ಗೊತ್ತಾ?" ಎಂದಳು. ಮತ್ತೆ ಹೇಳಿದೆ, ಮತ್ತೆ ಕ್ಷಮಿಸಿದಳು. ಎಷ್ಟು ಸಲ ಆಯಿತೋ. ನನಗೆ ಸಿಗುವ ಕ್ಷಮೆ ಪ್ರತಿ ವಾರ ಸಿಗುತ್ತದೆ, ಅವಳ ತಲೆಯ ಮೇಲಿನ ತಪ್ಪು ಮಾತ್ರ ಇಳಿಯುವುದಿಲ್ಲ. ಒಂದು ಕಿಟಕಿಯಿಂದಲೇ ಬೆಳೆ ಹೋಯಿತು ಎನ್ನಲಾಗದು ಎಂದು ರೇಷ್ಮೆ ಇಲಾಖೆಯವರೊಬ್ಬರು ನನಗೆ ಹೇಳಿದ್ದುಂಟು. ಅದನ್ನೂ ಹೇಳಿ ನೋಡಿದೆ. ಅದೂ ನಿಲ್ಲಲಿಲ್ಲ.

ಹೋದ ಭಾನುವಾರ ಅವಳು ಎಂದಿಗಿಂತ ಚುರುಕಾಗಿದ್ದಳು. ನಾನು ಹೇಳಿದ್ದನ್ನು ಪೂರ್ತಿ ಕೇಳಿದಳು. ನಗಲಿಲ್ಲ.

"ಅವತ್ತೇ ಯಾಕ್ ಹೇಳ್ಲಿಲ್ಲ?" ಎಂದಳು. "ಓದಕ್ಕೆ ಎಷ್ಟ್ ಆಸೆ ಇತ್ತು ನಂಗೆ. ಆ ಮನೇಲಿ ಅದೊಂದೇ ಕಣೇ ನಂದು ಅಂತ ಇದ್ದಿದ್ದು."

ಆಮೇಲೆ ಅತ್ತಳು. ದನಿಯಿಲ್ಲದ ಅಳು, ಕಣ್ಣೀರು ಗಲ್ಲದಿಂದ ಸೀರೆಯ ಮೇಲೆ ಬೀಳುತ್ತಿತ್ತು. ನಾನು ಅವಳ ಕೈ ಹಿಡಿದುಕೊಂಡು ಕೂತೆ. ಗೀತಾ ಕಾಫಿ ತಂದಿಟ್ಟು ಒಳಗೆ ಹೋದಳು. ಚಿಕ್ಕಮ್ಮ ಲೋಟ ಎತ್ತಿ ಎರಡು ಗುಟುಕು ಕುಡಿದು, ಬೀದಿಯಲ್ಲಿ ಹೋಗುತ್ತಿದ್ದ ಸೊಪ್ಪಿನ ಗಾಡಿಯವನ ಕೂಗು ಕೇಳುತ್ತಾ ಕೂತಳು. ಆಮೇಲೆ ಕೆನ್ನೆ ಮುಟ್ಟಿ ನೋಡಿಕೊಂಡು, ಬೆರಳನ್ನು ನನ್ನ ಮುಂದೆ ಹಿಡಿದಳು.

"ಇದ್ಯಾಕ್ ಮಗಾ, ನನ್ ಮುಖ ಒದ್ದೆಯಾಗೈತೆ?"

ನಾನು ನನ್ನ ಸೆರಗಿನಿಂದ ಅವಳ ಮುಖ ಒರೆಸಿದೆ.